ಕಬ್ಬಿನ ಹೊಲಕ್ಕೆ ಬಂದ ಎಣ್ಣೆಯ ಕಾನೂನು

ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ವಿದ್ಯಾರ್ಥಿಯೊಬ್ಬನು ನಮ್ಮ ತರಗತಿಯಲ್ಲಿ ಒಮ್ಮೆ ಹೀಗೆ ಪ್ರಶ್ನಿಸಿದನು: “ಎಣ್ಣೆಯ ಬಾವಿಗಳ ಸುತ್ತಮುತ್ತ ವಾಸಿಸುವ ಜನರ ಮೇಲೆ ಪೆಟ್ರೋಲಿಯಂ ಕಾನೂನುಗಳ ಪರಿಣಾಮ ಬಹಳವೆಂದು ಓದಿದ್ದೇನೆ. ನಮ್ಮಲ್ಲಿ ಎಣ್ಣೆಯ ಬಾವಿಯೇ ಇಲ್ಲವಲ್ಲ. ಆದುದರಿಂದ ಈ ಕಾನೂನುಗಳಿಗೂ ನಮಗೂ ಏನು ಸಂಬಂಧ?” ಪ್ರಶ್ನೆ ಸರಳವಾಗಿ ತೋರಿದರೂ ಅದರ ಉತ್ತರ ಸರಳವಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ನೆಲದಡಿಯಿಂದ ಒಂದು ತೊಟ್ಟು ಎಣ್ಣೆಯೂ ಹೊರಬಂದಿಲ್ಲವೆಂಬುದು ನಿಜ. ಆದರೆ ಅಲ್ಲಿಯ ಕಬ್ಬಿನ ಹೊಲಗಳ ಮೂಲಕ ಎಣ್ಣೆಯ ಕಾನೂನು ರೈತನ ಅಂಗಳಕ್ಕೆ ಆಗಲೇ ಬಂದು ನಿಂತಿದೆ. ಅದು ಹೇಗೆಂಬುದನ್ನು ಸ್ವಲ್ಪ ಭೂವಿಜ್ಞಾನ, ಸ್ವಲ್ಪ ರಸಾಯನವಿಜ್ಞಾನ ಮತ್ತು ಸ್ವಲ್ಪ ಅಂಕಗಣಿತದ ನೆರವಿನಿಂದ ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ನೆಲದಡಿಯಲ್ಲಿ ಎಣ್ಣೆ ಇದೆಯೆ?

ಖನಿಜ ತೈಲವು ಹುಟ್ಟಬೇಕಾದರೆ ಕೆಲವು ಸಂದರ್ಭಗಳು ಒಟ್ಟಿಗೆ ಕೂಡಿಬರಬೇಕು. ಸಮುದ್ರದ ಅಥವಾ ಸರೋವರದ ತಳದಲ್ಲಿ ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನೊಡನೆ ಹೂತುಹೋಗಬೇಕು. ಆ ಪದರ ಆಳಕ್ಕೆ ಇಳಿದು ಸುಮಾರು ೬೦ರಿಂದ ೧೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಬಹುಕಾಲ ಬೇಯಬೇಕು. ಹುಟ್ಟಿದ ಎಣ್ಣೆಯು ಸಂಗ್ರಹವಾಗಲು ರಂಧ್ರಗಳುಳ್ಳ ಬಂಡೆ ಬೇಕು. ಅದು ಮೇಲಕ್ಕೆ ಸೋರಿಹೋಗದಂತೆ ತಡೆಯಲು ರಂಧ್ರವಿಲ್ಲದ ಮುಚ್ಚಳದಂತಹ ಬಂಡೆಯೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಣ್ಣೆಯ ನಿಕ್ಷೇಪ ಉಳಿಯುವುದಿಲ್ಲ.

ಆಳಂದ, ಅಫಜಲಪುರಗಳ ಕಪ್ಪು ಎರೆಭೂಮಿಯ ಕೆಳಗೆ ಇರುವುದು ಬಹುಮಟ್ಟಿಗೆ ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಗಟ್ಟಿಯಾದ ಲಾವಾರಸ, ಅಂದರೆ ದಖ್ಖನ್ನಿನ ಬಸಾಲ್ಟ್ ಶಿಲೆ. ಬೆಂಕಿಯಿಂದ ಹುಟ್ಟಿದ ಈ ಶಿಲೆಯಲ್ಲಿ ಎಣ್ಣೆ ಹುಟ್ಟುವ ಸಂಭವವಿಲ್ಲ. ಜೇವರ್ಗಿಯ ಕಡೆಗೆ ಬಂದರೆ ಭೀಮಾ ತಪ್ಪಲಿನ ಸುಣ್ಣಕಲ್ಲಿನ ಪದರಗಳು ಕಾಣುತ್ತವೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಕಲ್ಲು ಈ ಬಳಗಕ್ಕೇ ಸೇರಿದುದು. ಇದು ಜಲಜ ಶಿಲೆಯೇ ಆದುದರಿಂದ ಇಲ್ಲಿ ಎಣ್ಣೆಯ ಪ್ರಶ್ನೆಯನ್ನು ಕೇಳುವುದು ಅಸಂಗತವಲ್ಲ. ಭಾರತದ ಜಲಜ ಶಿಲಾ ಜಲಾನಯನಗಳನ್ನು ೨೬ ಎಂದು ಎಣಿಸಿ ಮೂರು ವರ್ಗಗಳಾಗಿ ವಿಂಗಡಿಸಿರುವ ಪಟ್ಟಿಯಲ್ಲಿ “ಭೀಮಾ-ಕಲಾದಗಿ” ಎಂಬ ಹೆಸರೂ ಇದೆ. ಆದರೆ ಅದು ಮೂರನೆಯ ವರ್ಗದಲ್ಲಿದೆ. ಅಂದರೆ ಎಣ್ಣೆ ಇರಬಹುದೆಂಬ ಊಹೆ ಮಾತ್ರ, ಶೋಧವಾಗಿಲ್ಲ.

ಇದ್ದಿದ್ದರೆ ಏನಾಗುತ್ತಿತ್ತು?

ಒಂದು ವೇಳೆ ನಾಳೆ ಜೇವರ್ಗಿಯ ಹೊಲವೊಂದರಲ್ಲಿ ಎಣ್ಣೆ ದೊರೆಯಿತೆಂದು ಭಾವಿಸೋಣ. ಹೊಲದ ಒಡೆಯನು ಶ್ರೀಮಂತನಾಗುವನೆ? ಹಾಗೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ತೈಲಕ್ಷೇತ್ರಗಳೂ ಪೆಟ್ರೋಲಿಯಮ್ಮೂ ಕೇಂದ್ರದ ಪಟ್ಟಿಯ ೫೩ನೆಯ ಬಾಬಿನಲ್ಲಿವೆ. ೧೯೪೮ರ ತೈಲಕ್ಷೇತ್ರಗಳ ಅಧಿನಿಯಮ ಮತ್ತು ೧೯೫೯ರಲ್ಲಿ ಅದರ ಅಡಿಯಲ್ಲಿ ಬಂದ ನಿಯಮಗಳು ಎಣ್ಣೆ ತೆಗೆಯುವ ಗುತ್ತಿಗೆಯ ವ್ಯವಹಾರವನ್ನು ಸರಕಾರದ ಕೈಗೆ ಒಪ್ಪಿಸಿದವು. ೧೯೪೮ರ ಅಧಿನಿಯಮಕ್ಕೆ ೨೦೨೫ರಲ್ಲಿ ದೊಡ್ಡ ತಿದ್ದುಪಡಿಯಾಯಿತು; ಆದರೆ ಈ ಮೂಲತತ್ವ ಬದಲಾಗಲಿಲ್ಲ. ನೆಲದ ಮೇಲಿನ ತೈಲಕ್ಷೇತ್ರದಿಂದ ಬರುವ ರಾಜಧನ ರಾಜ್ಯದ ಬೊಕ್ಕಸಕ್ಕೆ ಸಲ್ಲುತ್ತದೆ. ರೈತನಿಗೆ ದೊರೆಯುವುದು ಮೇಲ್ಮೈ ಭೂಮಿಯ ಬಳಕೆಗೂ ಬೆಳೆಯ ನಷ್ಟಕ್ಕೂ ಪರಿಹಾರ ಮಾತ್ರ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸೇಡಂ, ಚಿತ್ತಾಪುರಗಳ ಸುಣ್ಣಕಲ್ಲಿನ ಗಣಿಗಳಿಗೆ ಅನ್ವಯಿಸುವುದು ೧೯೫೭ರ ಗಣಿ ಮತ್ತು ಖನಿಜಗಳ ಅಧಿನಿಯಮ. ಅದಕ್ಕೆ ೨೦೧೫ರಲ್ಲಿ ಆದ ತಿದ್ದುಪಡಿಯ ಪ್ರಕಾರ ಗಣಿಯ ಗುತ್ತಿಗೆದಾರನು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಗಣಿಯಿಂದ ಬಾಧಿತವಾದ ಊರುಗಳ ಕುಡಿಯುವ ನೀರು, ಶಾಲೆ, ಆರೋಗ್ಯಗಳಿಗೆ ಆ ಹಣ ವಿನಿಯೋಗವಾಗಬೇಕು. ಆದರೆ ಈ ಅಧಿನಿಯಮದಲ್ಲಿ “ಖನಿಜ” ಎಂಬ ಶಬ್ದದ ಅರ್ಥದಿಂದ ಖನಿಜ ತೈಲವನ್ನು ಹೊರಗಿಟ್ಟಿದ್ದಾರೆ. ಆದುದರಿಂದ ಕಲ್ಲಿನ ಗಣಿಯ ಪಕ್ಕದ ಹಳ್ಳಿಗೆ ಈ ಕಾನೂನಿನಿಂದ ದೊರೆಯುವ ಪಾಲು ಎಣ್ಣೆಯ ಬಾವಿಯ ಪಕ್ಕದ ಹಳ್ಳಿಗೆ ಇದೇ ಕಾನೂನಿನಿಂದ ದೊರೆಯದು. ಒಂದು ಶಬ್ದದ ವ್ಯಾಖ್ಯೆಯು ಒಂದು ಊರಿನ ಭವಿಷ್ಯವನ್ನು ನಿರ್ಣಯಿಸಬಲ್ಲದೆಂಬುದಕ್ಕೆ ಇದು ಮೊದಲನೆಯ ನಿದರ್ಶನ.

ಎಣ್ಣೆಯ ಬಾವಿಯ ನೆರೆಯಲ್ಲಿರುವುದೆಂದರೆ ಏನೆಂಬುದನ್ನು ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಬಾಘಜಾನ್ ಗ್ರಾಮದವರು ಬಲ್ಲರು. ೨೦೨೦ರ ಮೇ ೨೭ರಂದು ಅಲ್ಲಿಯ ಐದನೆಯ ಬಾವಿಯಿಂದ ಅನಿಲವು ಹತೋಟಿ ಮೀರಿ ಚಿಮ್ಮಿತು. ಜೂನ್ ೯ರಂದು ಬೆಂಕಿ ಹತ್ತಿತು. ಬೆಂಕಿಯನ್ನು ನಂದಿಸಲು ಹೋದ ಇಬ್ಬರು ಸಿಬ್ಬಂದಿ ಮೃತರಾದರು. ಸಹಸ್ರಾರು ಜನ ಮನೆಮಠಗಳನ್ನು ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಬೆಂಕಿ ಪೂರ್ತಿಯಾಗಿ ಆರಿದ್ದು ನವೆಂಬರ್ ೧೫ರಂದು.

ಬಾವಿಯಿಲ್ಲದ ಊರಿಗೂ ಎಣ್ಣೆ ಕೊಳವೆಯ ರೂಪದಲ್ಲಿ ಬರಬಹುದು. ಕೊಚ್ಚಿಯಿಂದ ಕಾಸರಗೋಡು ಸೀಮೆಯ ಮೂಲಕ ಮಂಗಳೂರಿಗೆ ಬರುವ ಸುಮಾರು ೪೫೦ ಕಿಲೋಮೀಟರ್ ಉದ್ದದ ಅನಿಲ ಕೊಳವೆ ೨೦೨೧ರ ಜನವರಿ ೫ರಂದು ಲೋಕಾರ್ಪಣೆಯಾಯಿತು. ಇಂತಹ ಕೊಳವೆಗಳಿಗಾಗಿಯೇ ೧೯೬೨ರ ಒಂದು ಅಧಿನಿಯಮ ಉಂಟು. ಅದರ ಪ್ರಕಾರ ಭೂಮಿಯ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ಸರಕಾರ ಪಡೆಯುವುದು “ಬಳಕೆಯ ಹಕ್ಕು” ಮಾತ್ರ. ಆ ಪಟ್ಟಿಯಲ್ಲಿ ರೈತನು ಬೆಳೆ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆಗುವ ಹಾನಿಗೆ ಪರಿಹಾರವಲ್ಲದೆ ಭೂಮಿಯ ಮಾರುಕಟ್ಟೆ ಬೆಲೆಯ ಶೇಕಡ ೧೦ರಷ್ಟು ಹಣ ಸಲ್ಲುತ್ತದೆ. ಆಕ್ಷೇಪಣೆ ಸಲ್ಲಿಸಲು ಇರುವ ಅವಧಿ ಪ್ರಕಟಣೆಯ ದಿನದಿಂದ ೨೧ ದಿನಗಳು. ಈ ಅವಧಿಯನ್ನರಿಯದವನು ತನ್ನ ಮಾತನ್ನು ಹೇಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

ನೆಲದ ಮೇಲಣ ಎಣ್ಣೆ

ಈಗ ಕಬ್ಬಿನ ವಿಚಾರಕ್ಕೆ ಬರೋಣ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ ಇಲ್ಲೆಲ್ಲ ಸಕ್ಕರೆ ಕಾರ್ಖಾನೆಗಳುಂಟು. ಜೋಳ, ತೊಗರಿಗಳಿಗೆ ಹೆಸರಾದ ನಾಡಿನಲ್ಲಿ ಭೀಮಾ ನದಿ, ಅಮರ್ಜಾ ಹಳ್ಳ ಮತ್ತು ಕೊಳವೆಬಾವಿಗಳ ನೀರನ್ನು ನಂಬಿ ಕಬ್ಬು ಬೆಳೆಯುತ್ತಿದೆ. ಕಬ್ಬಿನ ಹಾಲನ್ನು ಕುದಿಸಿ ಸಕ್ಕರೆಯನ್ನು ಹರಳುಗಟ್ಟಿಸಿದ ಮೇಲೆ ಉಳಿಯುವ ಕಪ್ಪಗಿನ ಮಂದ ದ್ರವವೇ ಕಾಕಂಬಿ. ಬಟ್ಟಿಯಿರುವ ಕಾರ್ಖಾನೆಯು ತಾನೇ ಅದರಿಂದ ಮದ್ಯಸಾರವನ್ನು ಇಳಿಸುತ್ತದೆ. ಇಲ್ಲದ್ದು ಬಟ್ಟಿಯವರಿಗೆ ಮಾರುತ್ತದೆ. ಈ ಮದ್ಯಸಾರವನ್ನೇ ರಸಾಯನವಿಜ್ಞಾನದಲ್ಲಿ ಎಥನಾಲ್ ಎನ್ನುತ್ತೇವೆ.

ಹುದುಗುವಿಕೆಯ ಕ್ರಿಯೆಯನ್ನು ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿರುತ್ತಾರೆ. ಒಂದು ಅಣು ಸಕ್ಕರೆಯು ಒಂದು ಅಣು ನೀರಿನೊಡನೆ ಸೇರಿ ಎರಡು ಅಣು ಸರಳ ಸಕ್ಕರೆಯಾಗುತ್ತದೆ. ಹುದುಗು ಎಂಬ ಸೂಕ್ಷ್ಮಜೀವಿ ಈ ಸರಳ ಸಕ್ಕರೆಯನ್ನು ಒಡೆದು ಒಟ್ಟು ನಾಲ್ಕು ಅಣು ಎಥನಾಲನ್ನೂ ನಾಲ್ಕು ಅಣು ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಅಣುತೂಕದ ಲೆಕ್ಕದಲ್ಲಿ ೩೪೨ ಭಾಗ ಸಕ್ಕರೆ, ೧೮ ಭಾಗ ನೀರು ಸೇರಿ ೧೮೪ ಭಾಗ ಎಥನಾಲ್, ೧೭೬ ಭಾಗ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಎರಡು ಕಡೆಯೂ ಮೊತ್ತ ೩೬೦. ಈ ಅಂಕೆಗಳನ್ನು ನೆನಪಿನಲ್ಲಿಡಬೇಕು. ಮುಂದೆ ಇವು ನಮ್ಮ ಉಪಯೋಗಕ್ಕೆ ಬರುತ್ತವೆ.

ಬಟ್ಟಿ ಇಳಿಸಿದ ಎಥನಾಲಿನಲ್ಲಿ ತೂಕದ ಪ್ರಕಾರ ಶೇಕಡ ಸುಮಾರು ೪ರಷ್ಟು ನೀರು ಉಳಿದೇ ಇರುತ್ತದೆ. ಎಷ್ಟು ಸಲ ಕುದಿಸಿದರೂ ಈ ನೀರು ಬೇರೆಯಾಗದು. ಏಕೆಂದರೆ ಆ ಪ್ರಮಾಣದಲ್ಲಿ ಎರಡೂ ಒಂದೇ ಉಷ್ಣತೆಯಲ್ಲಿ ಒಟ್ಟಿಗೆ ಆವಿಯಾಗುತ್ತವೆ. ಆದುದರಿಂದ ಆವಿಯನ್ನು ಅತಿಸೂಕ್ಷ್ಮ ರಂಧ್ರಗಳುಳ್ಳ ಜಿಯೊಲೈಟ್ ಕಣಗಳ ಮೂಲಕ ಹಾಯಿಸುತ್ತಾರೆ. ನೀರಿನ ಪುಟ್ಟ ಅಣು ರಂಧ್ರದೊಳಗೆ ಸಿಕ್ಕಿಬೀಳುತ್ತದೆ. ಎಥನಾಲಿನ ಅಣು ದೊಡ್ಡದಾದುದರಿಂದ ಮುಂದೆ ಸಾಗುತ್ತದೆ. ಧಾನ್ಯದ ಜರಡಿಯಲ್ಲಿ ಸಣ್ಣದು ಕೆಳಗಿಳಿದು ದೊಡ್ಡದು ಉಳಿಯುವಂತೆ, ಇಲ್ಲಿ ಅಣುಗಳನ್ನೇ ಜರಡಿ ಹಿಡಿದಂತಾಗುತ್ತದೆ. ಹೀಗೆ ನೀರು ಕಳೆದ ಎಥನಾಲನ್ನು ಮಾತ್ರ ಪೆಟ್ರೋಲಿಗೆ ಬೆರೆಸಬಹುದು. ನೀರು ಸೇರಿದರೆ ಎಥನಾಲು ನೀರಿನೊಡನೆ ಕೂಡಿಕೊಂಡು ತೊಟ್ಟಿಯ ತಳದಲ್ಲಿ ಬೇರೆ ಪದರವಾಗಿ ನಿಲ್ಲುವ ಭಯವುಂಟು.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡ ೫ರಷ್ಟು ಎಥನಾಲು ಬೆರೆಸುವ ಕಾರ್ಯಕ್ರಮ ೨೦೦೩ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. ೨೦೧೮ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಗುರಿಯನ್ನು ಶೇಕಡ ೨೦ಕ್ಕೆ ಏರಿಸಿತು. ೨೦೨೨ರಲ್ಲಿ ಗುರಿಯ ಕಾಲವನ್ನು ೨೦೨೫–೨೬ಕ್ಕೆ ಹಿಂದಕ್ಕೆ ತರಲಾಯಿತು. ೨೦೨೨ರ ಜೂನ್ ತಿಂಗಳಲ್ಲಿ ಶೇಕಡ ೧೦ನ್ನೂ, ೨೦೨೫ರಲ್ಲಿ ಶೇಕಡ ೨೦ನ್ನೂ ಮುಟ್ಟಲಾಯಿತು.

ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ೩೨ ಮೆಗಾಜೂಲ್ ಶಾಖ ದೊರೆತರೆ ಒಂದು ಲೀಟರ್ ಎಥನಾಲಿನಿಂದ ದೊರೆಯುವುದು ಸುಮಾರು ೨೧ ಮೆಗಾಜೂಲ್. ಶೇಕಡ ೨೦ರ ಮಿಶ್ರಣದ ಒಂದು ಲೀಟರಿನಲ್ಲಿ ಎಷ್ಟು ಶಾಖವಿರುತ್ತದೆ? ೩೨ರ ಐದರಲ್ಲಿ ನಾಲ್ಕು ಪಾಲು ೨೫.೬, ೨೧ರ ಐದರಲ್ಲಿ ಒಂದು ಪಾಲು ೪.೨, ಒಟ್ಟು ೨೯.೮. ಅಂದರೆ ಶುದ್ಧ ಪೆಟ್ರೋಲಿಗಿಂತ ಶೇಕಡ ಸುಮಾರು ೭ರಷ್ಟು ಕಡಿಮೆ. ಆದರೆ ಎಥನಾಲು ಎಂಜಿನ್ನಿನಲ್ಲಿ ಅಕಾಲಿಕವಾಗಿ ಸಿಡಿಯದೆ ಉರಿಯುವ ಗುಣವುಳ್ಳದ್ದು. ಆ ಗುಣಕ್ಕೆ ಹೊಂದುವಂತೆ ರಚಿಸಿದ ಎಂಜಿನ್ನಿನಲ್ಲಿ ಈ ಕೊರತೆಯ ಒಂದು ಭಾಗವನ್ನು ತುಂಬಿಕೊಳ್ಳಬಹುದು.

ಪೆಟ್ರೋಲಿಯಂ ಎಂದರೇನು?

ಇಲ್ಲಿ ಒಂದು ಸ್ವಾರಸ್ಯವಾದ ಪ್ರಶ್ನೆ ಏಳುತ್ತದೆ. ಕಬ್ಬಿನಿಂದ ಬಂದ ಎಥನಾಲು ಪೆಟ್ರೋಲಿಯಮ್ಮೆ? ೧೯೩೪ರ ಪೆಟ್ರೋಲಿಯಂ ಅಧಿನಿಯಮದ ವ್ಯಾಖ್ಯೆಯಲ್ಲಿ ಮುಖ್ಯವಾದುದು ದ್ರವರೂಪದ ಹೈಡ್ರೊಕಾರ್ಬನ್, ಅಂದರೆ ಜಲಜನಕ ಮತ್ತು ಇಂಗಾಲಗಳಿಂದಲೇ ಆದ ವಸ್ತು. ಎಥನಾಲಿನ ಅಣುವಿನಲ್ಲಿ ಆಮ್ಲಜನಕವೂ ಇರುವುದರಿಂದ ಅದು ಹೈಡ್ರೊಕಾರ್ಬನ್ ಅಲ್ಲ. ಆದರೆ ಅದೇ ವ್ಯಾಖ್ಯೆಯು ಹೈಡ್ರೊಕಾರ್ಬನ್ ಇರುವ, ಬೆಂಕಿ ಹೊತ್ತಿಕೊಳ್ಳುವ ಯಾವ ಮಿಶ್ರಣವನ್ನಾದರೂ ಪೆಟ್ರೋಲಿಯಂ ಎಂದೇ ಎಣಿಸುತ್ತದೆ. ಆದುದರಿಂದ ಪೆಟ್ರೋಲಿನೊಡನೆ ಬೆರೆತ ಕ್ಷಣದಿಂದ ಕಬ್ಬಿನ ಮದ್ಯಸಾರವು ಕಾನೂನಿನ ದೃಷ್ಟಿಯಲ್ಲಿ ಪೆಟ್ರೋಲಿಯಮ್ಮಿನ ಭಾಗವಾಗುತ್ತದೆ.

ಬೆರೆಯುವ ಮೊದಲು ಅದರ ಮೇಲೆ ಯಾರ ಅಧಿಕಾರ? ಮಾದಕ ಪಾನೀಯ ರಾಜ್ಯಗಳ ಪಟ್ಟಿಯ ೮ನೆಯ ಬಾಬು. ಪೆಟ್ರೋಲಿಯಂ ಕೇಂದ್ರದ ೫೩ನೆಯ ಬಾಬು. ಕುಡಿಯಲು ಬಾರದ ಕೈಗಾರಿಕಾ ಮದ್ಯಸಾರವು ರಾಜ್ಯದ ಬಾಬಿಗೆ ಸೇರದೆಂದು ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತ್ತು. ೨೦೨೪ರ ಅಕ್ಟೋಬರ್ ೨೩ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಎಂಟು ಮತಗಳ ಬಹುಮತದಿಂದ ಅದನ್ನು ತಳ್ಳಿಹಾಕಿ, ಕೈಗಾರಿಕಾ ಮದ್ಯಸಾರದ ಮೇಲೂ ರಾಜ್ಯಕ್ಕೆ ಅಧಿಕಾರವುಂಟೆಂದು ಹೇಳಿತು. ಒಂದೇ ದ್ರವವು ಒಂದು ಪಾತ್ರೆಯಲ್ಲಿ ಅಬಕಾರಿಗೂ ಇನ್ನೊಂದು ಪಾತ್ರೆಯಲ್ಲಿ ಎಣ್ಣೆಯ ಇಲಾಖೆಗೂ ಉತ್ತರ ಹೇಳಬೇಕಾದ ಪರಿಸ್ಥಿತಿ ಇದು.

ಈ ೧೯೩೪ರ ಅಧಿನಿಯಮದ ಮತ್ತೊಂದು ಭಾಗ ಹಳ್ಳಿಯ ಪ್ರತಿಯೊಬ್ಬರಿಗೂ ತಿಳಿದಿರಬೇಕು. ದ್ರವದ ಮೇಲಿನ ಆವಿಯು ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ದಟ್ಟವಾಗುವ ಕನಿಷ್ಠ ಉಷ್ಣತೆಯನ್ನು ಜ್ವಲನಬಿಂದು ಎನ್ನೋಣ. ಇದು ೨೩ ಡಿಗ್ರಿಗಿಂತ ಕೆಳಗಿರುವ ದ್ರವಗಳನ್ನು ಅಧಿನಿಯಮವು ‘ಎ’ ವರ್ಗಕ್ಕೆ ಸೇರಿಸುತ್ತದೆ. ಎಥನಾಲಿನ ಜ್ವಲನಬಿಂದು ಸುಮಾರು ೧೩ ಡಿಗ್ರಿ. ಪೆಟ್ರೋಲಿನದು ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಕೆಳಗೆ. ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿ ಜಿಲ್ಲೆಯ ಕಿರಾಣಿ ಅಂಗಡಿಯಲ್ಲಿ ಬಾಟಲಿಗಳಲ್ಲಿ ಪೆಟ್ರೋಲು ತುಂಬಿ ಮಾರುವುದು ಎಷ್ಟು ಅಪಾಯಕರವೆಂಬುದನ್ನು ಈ ಅಂಕೆಗಳೇ ಹೇಳುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯ ಕಿಡಿಯನ್ನೂ ತಲುಪಬಲ್ಲದು. ಪರವಾನಗಿಯಿಲ್ಲದೆ ‘ಎ’ ವರ್ಗದ ಪೆಟ್ರೋಲಿಯಮ್ಮನ್ನು ೩೦ ಲೀಟರಿನವರೆಗೆ ಇಟ್ಟುಕೊಳ್ಳಲು ವಿನಾಯಿತಿ ಇರುವುದು ಸ್ವಂತ ಬಳಕೆಗೆ ಮಾತ್ರ, ಮಾರಾಟಕ್ಕಲ್ಲ. ಗಾಜಿನ ಪಾತ್ರೆಯಾದರೆ ಅದು ಒಂದು ಲೀಟರನ್ನು ಮೀರಬಾರದು.

ಆರುನೂರು ಲೀಟರಿನ ಲೆಕ್ಕ

ಈಗ ರೈತನ ಹಣದ ಪ್ರಶ್ನೆಗೆ ಬರುತ್ತೇವೆ. ಕಬ್ಬಿನ ಕನಿಷ್ಠ ಬೆಲೆಯು ಅದರಿಂದ ಎಷ್ಟು ಸಕ್ಕರೆ ಬಂದಿತೆಂಬುದನ್ನು ಅವಲಂಬಿಸಿದೆ. ಇದನ್ನು ಇಳುವರಿ ಎನ್ನುತ್ತಾರೆ. ನೂರು ಟನ್ ಕಬ್ಬಿನಿಂದ ಹತ್ತು ಟನ್ ಸಕ್ಕರೆ ಬಂದರೆ ಇಳುವರಿ ಶೇಕಡ ೧೦. ೨೦೨೫–೨೬ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ನ್ಯಾಯಸಮ್ಮತ ಬೆಲೆ, ಇಳುವರಿ ೧೦.೨೫ ಇದ್ದಾಗ ಕ್ವಿಂಟಲಿಗೆ ೩೫೫ ರೂಪಾಯಿ. ಅದಕ್ಕಿಂತ ಮೇಲೆ ಪ್ರತಿ ೦.೧ಕ್ಕೆ ೩.೪೬ ರೂಪಾಯಿ ಹೆಚ್ಚು, ಕೆಳಗೆ ಇಳಿದರೆ ಅದೇ ದರದಲ್ಲಿ ಕಡಿತ, ಇಳುವರಿ ೯.೫ಕ್ಕಿಂತ ಕಡಿಮೆಯಾದರೂ ೩೨೯.೦೫ ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ.

ಕಾರ್ಖಾನೆಯು ಕಬ್ಬಿನ ಹಾಲಿನ ಒಂದು ಪಾಲನ್ನು ಸಕ್ಕರೆ ಮಾಡದೆ ನೇರವಾಗಿ ಎಥನಾಲಿಗೆ ತಿರುಗಿಸಿದರೆ ಏನಾಗುತ್ತದೆ? ಸಕ್ಕರೆಯ ಚೀಲಗಳು ಕಡಿಮೆಯಾಗುತ್ತವೆ; ಲೆಕ್ಕದ ಪುಸ್ತಕದಲ್ಲಿ ಇಳುವರಿ ತಗ್ಗುತ್ತದೆ; ರೈತನ ಬೆಲೆ ಇಳಿಯುತ್ತದೆ. ಆದರೆ ರೈತನು ಕೊಟ್ಟ ಕಬ್ಬಿನ ಸಿಹಿ ಕಡಿಮೆಯಾಗಿಲ್ಲವಲ್ಲ! ಈ ಅನ್ಯಾಯವನ್ನು ತಡೆಯಲು ೧೯೬೬ರ ಕಬ್ಬು ನಿಯಂತ್ರಣ ಆದೇಶಕ್ಕೆ ೨೦೧೮ರಲ್ಲಿ ಒಂದು ವಿವರಣೆಯನ್ನು ಸೇರಿಸಿದರು: ಹೀಗೆ ತಯಾರಿಸಿದ ಪ್ರತಿ ೬೦೦ ಲೀಟರ್ ಎಥನಾಲನ್ನು ಒಂದು ಟನ್ ಸಕ್ಕರೆಗೆ ಸಮನೆಂದು ಎಣಿಸತಕ್ಕದ್ದು.

ಈ ೬೦೦ ಎಂಬ ಅಂಕೆ ಎಲ್ಲಿಂದ ಬಂದಿರಬಹುದು? ನಾವೇ ಪರೀಕ್ಷಿಸೋಣ. ಹಿಂದೆ ಕಂಡಂತೆ ೩೪೨ ಭಾಗ ಸಕ್ಕರೆಯಿಂದ ೧೮೪ ಭಾಗ ಎಥನಾಲು ದೊರೆಯುತ್ತದೆ. ಆದುದರಿಂದ ೧,೦೦೦ ಕಿಲೋಗ್ರಾಂ ಸಕ್ಕರೆಯಿಂದ ಸುಮಾರು ೫೩೮ ಕಿಲೋಗ್ರಾಂ. ಒಂದು ಲೀಟರ್ ಎಥನಾಲಿನ ತೂಕ ೦.೭೮೯ ಕಿಲೋಗ್ರಾಂ ಆದುದರಿಂದ ಇದು ಸುಮಾರು ೬೮೨ ಲೀಟರ್. ಇದು ಸಿದ್ಧಾಂತದ ಗರಿಷ್ಠ ಮಿತಿ. ಹುದುಗಿನ ಜೀವಿಗಳು ತಾವೂ ಬೆಳೆಯಲು ಸ್ವಲ್ಪ ಸಕ್ಕರೆಯನ್ನು ತಿನ್ನುತ್ತವೆ. ಬಟ್ಟಿಯಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ೬೦೦ ಲೀಟರೆಂಬುದು ೬೮೨ರ ಶೇಕಡ ೮೮. ಕಾರ್ಖಾನೆಯ ವಾಸ್ತವ ದಕ್ಷತೆಗೆ ಇದು ಒಪ್ಪುವ ಪ್ರಮಾಣ. ಆದುದರಿಂದ ಕಾನೂನಿನ ಈ ಅಂಕೆಯು ರಸಾಯನವಿಜ್ಞಾನದ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆಂದೇ ಹೇಳಬೇಕು.

ಇದರಿಂದ ರೈತನಿಗಾಗುವ ವ್ಯತ್ಯಾಸವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಕಾರ್ಖಾನೆಯೊಂದು ನೂರು ಟನ್ ಕಬ್ಬು ಅರೆದು ೮.೫ ಟನ್ ಸಕ್ಕರೆಯನ್ನೂ, ಹಾಲಿನ ಉಳಿದ ಪಾಲಿನಿಂದ ೧,೨೦೦ ಲೀಟರ್ ಎಥನಾಲನ್ನೂ ಪಡೆಯಿತೆನ್ನೋಣ. ಸಕ್ಕರೆಯನ್ನಷ್ಟೇ ಎಣಿಸಿದರೆ ಇಳುವರಿ ೮.೫, ಬೆಲೆ ಕ್ವಿಂಟಲಿಗೆ ೩೨೯.೦೫. ಎಥನಾಲನ್ನೂ ಎಣಿಸಿದರೆ ೧,೨೦೦ ಲೀಟರ್ ಎರಡು ಟನ್ ಸಕ್ಕರೆಗೆ ಸಮ, ಇಳುವರಿ ೧೦.೫, ಬೆಲೆ ೩೫೫ಕ್ಕೆ ೮.೬೫ ಸೇರಿ ೩೬೩.೬೫. ಕ್ವಿಂಟಲಿಗೆ ೩೪.೬೦ ರೂಪಾಯಿ ವ್ಯತ್ಯಾಸ. ನಲವತ್ತು ಟನ್ ಕಬ್ಬು ಕಳುಹಿಸಿದ ಸಣ್ಣ ರೈತನಿಗೆ ಇದು ೧೩,೮೪೦ ರೂಪಾಯಿ. ಮಗಳ ಒಂದು ವರ್ಷದ ಕಾಲೇಜಿನ ಖರ್ಚು ಈ ಒಂದು ವಾಕ್ಯದ ವಿವರಣೆಯಲ್ಲಿ ಅಡಗಿದೆ! ಅದೇ ೧೯೬೬ರ ಆದೇಶದ ಪ್ರಕಾರ ಕಬ್ಬು ಕೊಟ್ಟ ೧೪ ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ವರ್ಷಕ್ಕೆ ಶೇಕಡ ೧೫ರಂತೆ ಬಡ್ಡಿ ಸೇರಬೇಕು. ಈ ಎರಡು ನಿಯಮಗಳನ್ನು ಬಲ್ಲ ರೈತನು ಲೆಕ್ಕ ಕೇಳಬಲ್ಲನು. ಅರಿಯದವನು ಕೊಟ್ಟಷ್ಟನ್ನು ತೆಗೆದುಕೊಂಡು ಬರುತ್ತಾನೆ.

ದೂರದ ಒಂದು ಆದೇಶ ಹೊಲವನ್ನು ಹೇಗೆ ಮುಟ್ಟುತ್ತದೆಂಬುದಕ್ಕೆ ೨೦೨೩ರ ಅನುಭವ ಸಾಕ್ಷಿ. ಆ ವರ್ಷ ಮುಂಗಾರು ಕೈಕೊಟ್ಟಿತು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ದೇಶದಲ್ಲಿ ಸಕ್ಕರೆಯ ಕೊರತೆಯಾದೀತೆಂಬ ಭಯದಿಂದ ಕೇಂದ್ರ ಸರಕಾರವು ಡಿಸೆಂಬರ್ ೭ರಂದು ಕಬ್ಬಿನ ಹಾಲಿನಿಂದ ಎಥನಾಲು ಮಾಡುವುದನ್ನು ನಿಲ್ಲಿಸಲು ಆಜ್ಞಾಪಿಸಿತು. ಎಂಟೇ ದಿನಗಳಲ್ಲಿ ಅದನ್ನು ಸಡಿಲಿಸಿ, ೧೭ ಲಕ್ಷ ಟನ್ ಸಕ್ಕರೆಯಷ್ಟನ್ನು ಮಾತ್ರ ಎಥನಾಲಿಗೆ ತಿರುಗಿಸಬಹುದೆಂದು ಮಿತಿ ಹಾಕಿತು. ೨೦೨೪ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗೆ ಆ ನಿರ್ಬಂಧವನ್ನು ತೆಗೆಯಿತು. ಸಾಲ ಮಾಡಿ ಬಟ್ಟಿ ಕಟ್ಟಿದ ಕಾರ್ಖಾನೆಯೂ, ಅದನ್ನು ನಂಬಿ ಕಬ್ಬು ನೆಟ್ಟ ರೈತನೂ ಈ ಏರಿಳಿತವನ್ನು ತಾಳಿಕೊಳ್ಳಬೇಕಾಯಿತು. ಕಬ್ಬು ಹನ್ನೆರಡು ತಿಂಗಳ ಬೆಳೆ. ಆದೇಶವೋ ಒಂದು ದಿನದಲ್ಲಿ ಹೊರಡುತ್ತದೆ.

ನೀರಿನ ಲೆಕ್ಕ

ಹಣದ ಲೆಕ್ಕ ಸರಿಹೋದರೂ ಇನ್ನೊಂದು ಲೆಕ್ಕ ಉಳಿದಿದೆ. ನೀತಿ ಆಯೋಗವು ೨೦೨೧ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಎಥನಾಲು ಮಿಶ್ರಣದ ಮಾರ್ಗಸೂಚಿಯಲ್ಲಿಯೇ ಈ ಅಂಶಗಳಿವೆ: ಒಂದು ಟನ್ ಕಬ್ಬಿನಿಂದ ೧೦೦ ಕಿಲೋಗ್ರಾಂ ಸಕ್ಕರೆ ಅಥವಾ ೭೦ ಲೀಟರ್ ಎಥನಾಲು, ಒಂದು ಕಿಲೋಗ್ರಾಂ ಸಕ್ಕರೆಗೆ ಬೇಕಾದ ಕಬ್ಬು ಬೆಳೆಯಲು ೧,೬೦೦ರಿಂದ ೨,೦೦೦ ಲೀಟರ್ ನೀರು. ಮೇ‌ಲಿನ ಮಿತಿಯನ್ನು ತೆಗೆದುಕೊಂಡರೆ ಒಂದು ಟನ್ ಕಬ್ಬಿಗೆ ಎರಡು ಲಕ್ಷ ಲೀಟರ್ ನೀರು. ಅದನ್ನು ೭೦ರಿಂದ ಭಾಗಿಸಿದರೆ ಒಂದು ಲೀಟರ್ ಎಥನಾಲಿಗೆ ಸುಮಾರು ೨,೮೬೦ ಲೀಟರ್ ನೀರು! ಮೋಟಾರು ಸೈಕಲ್ಲಿಗೆ ಹತ್ತು ಲೀಟರ್ ಪೆಟ್ರೋಲು ಹಾಕಿಸಿದರೆ ಅದರಲ್ಲಿ ಎರಡು ಲೀಟರ್ ಎಥನಾಲು. ಅದು ಕಬ್ಬಿನದಾದರೆ ಅದರ ಹಿಂದೆ ಸುಮಾರು ೫,೭೨೦ ಲೀಟರ್ ನೀರು ನಿಂತಿದೆ.

ಕಬ್ಬಿಗೆ ಒಂದು ಬೆಳೆಯ ಕಾಲದಲ್ಲಿ ೧,೫೦೦ರಿಂದ ೨,೫೦೦ ಮಿಲಿಮೀಟರ್ ನೀರು ಬೇಕು. ಕಲಬುರಗಿ ಜಿಲ್ಲೆಯ ವಾರ್ಷಿಕ ಮಳೆಯ ಸರಾಸರಿ ಇದರ ಅರ್ಧದಷ್ಟರ ಆಸುಪಾಸಿನಲ್ಲಿದೆ. ಉಳಿದುದು ನದಿಯಿಂದಲೂ ಕೊಳವೆಬಾವಿಯಿಂದಲೂ ಬರಬೇಕು. ಭೀಮಾ ನದಿಯ ಮೇಲ್ಭಾಗದಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ಇದೆ. ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ನಮ್ಮ ಬ್ಯಾರೇಜು ಇದೆ. ಮೇಲಿನಿಂದ ನೀರು ಬಾರದ ಬೇಸಗೆಯಲ್ಲಿ ಕೆಳಗಿನ ಹಳ್ಳಿಗಳಿಗೆ ಕುಡಿಯುವ ನೀರಿಗೂ ತೊಂದರೆ. ಬಸಾಲ್ಟ್ ಶಿಲೆಯು ತನ್ನ ಬಿರುಕುಗಳಲ್ಲಿ ಮತ್ತು ಶಿಥಿಲವಾದ ಮೇಲ್ಪದರದಲ್ಲಿ ಮಾತ್ರ ನೀರನ್ನು ಹಿಡಿದಿಡುತ್ತದೆ. ಆದುದರಿಂದ ಪಕ್ಕದ ಹೊಲದವನು ಆಳಕ್ಕೆ ಕೊರೆದರೆ ಹಳೆಯ ಬಾವಿ ಬತ್ತುವುದರಲ್ಲಿ ಆಶ್ಚರ್ಯವಿಲ್ಲ. ಇದೇ ಕಾರಣಕ್ಕಾಗಿ ಹೆಚ್ಚು ನೀರು ಬೇಡದ ಧಾನ್ಯಗಳಿಂದ, ಮುಖ್ಯವಾಗಿ ಮೆಕ್ಕೆಜೋಳದಿಂದ, ಎಥನಾಲು ತಯಾರಿಸುವುದಕ್ಕೆ ಈಚೆಗೆ ಪ್ರೋತ್ಸಾಹವಿದೆ. ಆದರೆ ಜನರೂ ದನಕರುಗಳೂ ತಿನ್ನುವ ಕಾಳನ್ನು ಎಂಜಿನ್ನಿಗೆ ಉಣಿಸುವ ಪ್ರಶ್ನೆ ಅಲ್ಲಿ ಏಳುತ್ತದೆ.

ಬಟ್ಟಿಯ ಕೊಳೆನೀರು

ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರವನ್ನು ಇಳಿಸಿದರೆ ೮ರಿಂದ ೧೫ ಲೀಟರ್ ಕೊಳೆನೀರು ಉಳಿಯುತ್ತದೆ. ಅದು ಕಂದು ಬಣ್ಣದ್ದು, ಹುಳಿಯಾದುದು, ದುರ್ವಾಸನೆಯುಳ್ಳದ್ದು. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಎಷ್ಟು ಆಮ್ಲಜನಕ ಬೇಕೆಂಬುದರಿಂದ ಮಾಲಿನ್ಯವನ್ನು ಅಳೆಯುತ್ತಾರೆ. ಊರಿನ ಚರಂಡಿಯ ನೀರಿಗೆ ಇದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ. ಬಟ್ಟಿಯ ಕೊಳೆನೀರಿಗೆ ೪೦,೦೦೦ ಮಿಲಿಗ್ರಾಮಿಗೂ ಮೇಲೆ. ಇದು ಹಳ್ಳಕ್ಕೆ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲ ತೀರಿಹೋಗಿ ಮೀನುಗಳು ಸಾಯುತ್ತವೆ.

ಇದನ್ನು ತಡೆಯಲು ೧೯೭೪ರ ಜಲಮಾಲಿನ್ಯ ನಿಯಂತ್ರಣ ಅಧಿನಿಯಮವಿದೆ. ಕೊಳೆನೀರಿನಿಂದ ಮೊದಲು ಜೈವಿಕ ಅನಿಲವನ್ನು ಪಡೆದು, ಉಳಿದುದನ್ನು ಬತ್ತಿಸಿ ಬಾಯ್ಲರಿನಲ್ಲಿ ಸುಡುವ ಅಥವಾ ಗೊಬ್ಬರವಾಗಿಸುವ, ಒಂದು ತೊಟ್ಟೂ ಹೊರಗೆ ಬಿಡದ ವಿಧಾನವನ್ನು ಬಟ್ಟಿಗಳು ಅನುಸರಿಸಬೇಕು. ಹೊಸ ಬಟ್ಟಿ ಬರುವ ಮೊದಲು ಸುತ್ತಲಿನ ಜನರ ಅಹವಾಲನ್ನು ಕೇಳುವ ಸಾರ್ವಜನಿಕ ವಿಚಾರಣೆಯನ್ನು ೨೦೦೬ರ ಪರಿಸರ ಅಧಿಸೂಚನೆಯು ವಿಧಿಸಿತ್ತು. ಆದರೆ ಪೆಟ್ರೋಲಿಗೆ ಬೆರೆಸುವ ಎಥನಾಲಿಗಾಗಿಯೇ ಇರುವ ಕೆಲವು ಬಗೆಯ ಯೋಜನೆಗಳನ್ನು ೨೦೨೧ರ ಅಧಿಸೂಚನೆಗಳು ಹಗುರವಾದ ವರ್ಗಕ್ಕೆ ಸೇರಿಸಿದವು. ಆ ವರ್ಗಕ್ಕೆ ಸಾರ್ವಜನಿಕ ವಿಚಾರಣೆ ಕಡ್ಡಾಯವಲ್ಲ. ಎಣ್ಣೆಯ ಆಮದನ್ನು ಬೇಗ ತಗ್ಗಿಸಬೇಕೆಂಬ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬಟ್ಟಿಯ ನೆರೆಯಲ್ಲಿರುವವನ ಮಾತಿಗೆ ಇದ್ದ ಒಂದು ಬಾಗಿಲು ಇದರಿಂದ ಕಿರಿದಾಯಿತೆಂಬುದನ್ನು ಮರೆಯಲಾಗದು.

ಉಪಸಂಹಾರ

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎಣ್ಣೆಯ ಬಾವಿಯ ಊರಿನವರು ಎದುರಿಸುವ ಪ್ರಶ್ನೆಗಳೇ ಬೇರೆ ವೇಷದಲ್ಲಿ ಭೀಮಾ ತೀರಕ್ಕೂ ಬಂದಿವೆ. ಸಂಪತ್ತು ಯಾರದು, ಬೆಲೆಯನ್ನು ಯಾರು ಅಳೆಯುತ್ತಾರೆ, ನೀರನ್ನು ಯಾರು ಕುಡಿಯುತ್ತಾರೆ, ಕೊಳೆಯನ್ನು ಯಾರು ಸಹಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಅಲ್ಲಿಯೂ ಇಲ್ಲಿಯೂ ಕಾನೂನಿನ ಪುಟಗಳಲ್ಲಿಯೇ ಉತ್ತರ ಹುಡುಕಬೇಕು. ಅಲ್ಲಿಯ ರೈತನಿಗೆ ಬಾವಿಯ ಎಣ್ಣೆಯಲ್ಲಿ ಪಾಲಿಲ್ಲ. ಇಲ್ಲಿಯ ರೈತನಿಗೆ ಹೊಲದ ಕಬ್ಬು ತನ್ನದೇ. ಈ ಭೇದ ಸಣ್ಣದಲ್ಲ. ಆದರೆ ಆ ಕಬ್ಬಿನ ಲೆಕ್ಕವನ್ನು ಓದಬಲ್ಲವನಿಗೆ ಮಾತ್ರ ಅದರ ಫಲ ಪೂರ್ತಿಯಾಗಿ ದಕ್ಕುತ್ತದೆ.

ಆದುದರಿಂದ ಕಬ್ಬು ಬೆಳೆಯುವ ಮನೆಗಳಿಂದ ಬಂದ ವಿದ್ಯಾರ್ಥಿಗಳಿಗೆ ನಾವು ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಮನೆಯಲ್ಲಿರುವ ಕಳೆದ ಹಂಗಾಮಿನ ತೂಕದ ಚೀಟಿಗಳನ್ನೂ ಹಣ ಸಂದಾಯದ ಕಾಗದವನ್ನೂ ತೆಗೆದು ನೋಡಿರಿ. ಇಳುವರಿ ಎಷ್ಟೆಂದು ಬರೆದಿದೆ? ಕಾರ್ಖಾನೆ ಹಾಲಿನಿಂದ ಎಥನಾಲು ಮಾಡಿದ್ದರೆ ಅದನ್ನು ೬೦೦ ಲೀಟರಿನ ಪ್ರಮಾಣದಲ್ಲಿ ಸೇರಿಸಿದ್ದಾರೆಯೆ? ಕಬ್ಬು ಕೊಟ್ಟ ದಿನಕ್ಕೂ ಹಣ ಬಂದ ದಿನಕ್ಕೂ ನಡುವೆ ಎಷ್ಟು ದಿನಗಳು? ೧೪ಕ್ಕಿಂತ ಹೆಚ್ಚಾಗಿದ್ದರೆ ಶೇಕಡ ೧೫ರಂತೆ ಬಡ್ಡಿ ಎಷ್ಟಾಗುತ್ತದೆ? ಈ ಲೆಕ್ಕಕ್ಕೆ ಬೇಕಾದ ಗಣಿತವನ್ನು ಪ್ರೌಢಶಾಲೆಯಲ್ಲಿ ಆಗಲೇ ಕಲಿಸಿರುತ್ತಾರೆ. ಉತ್ತರವನ್ನು ತಂದೆತಾಯಿಯರ ಮುಂದೆ ಇಟ್ಟು ಅವರಿಗೆ ಓದಿ ಹೇಳಿರಿ.